ಕಟ್ಟಡಕ್ಕೊಂದು ಕಟ್ಟೆ

ನೀವೂ ಗಮನಿಸಿರಬಹುದು, ಎಷ್ಟೇ ಭವ್ಯವಾದ ಕಟ್ಟಡದ ಮುಂದೆ ನಿಂತರೂ ಬಿಸಿಲಲ್ಲಿ ನಡೆದು ಬಂದವನ ಕಣ್ಣು ಮೊದಲು ಹುಡುಕುವುದು ಅದರ ಎತ್ತರವನ್ನಲ್ಲ, ಕೂರಲೊಂದು ಕಟ್ಟೆಯನ್ನು. ಕಟ್ಟಡ, ಕಟ್ಟೆ, ಕಟ್ಟಳೆ ಮೂರೂ ಒಂದೇ ಧಾತುವಿನ ಮಕ್ಕಳಾದರೂ ಮೊದಲನೆಯದೂ ಕೊನೆಯದೂ ಸೇರಿಕೊಂಡು ನಡುವಿನದನ್ನು ಹೊರಗಟ್ಟುತ್ತಿರುವ ಕಾಲವಿದು. ಹೊರಗಟ್ಟುವವರಲ್ಲಿ ನಾನೂ ಒಬ್ಬ. ಮೈಸೂರಿನಿಂದ ಕೇರಳಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯಾದ ನನ್ನ ಕೆಲಸವೇ ಶಾಖೆಗಳಿಗೆ ಬಾಡಿಗೆ ಕಟ್ಟಡ ಹುಡುಕುವುದು. ವ್ಯಾಪಾರಕ್ಕೆ ಒದಗದ ಜಾಗವೆಲ್ಲ ನನ್ನ ದೃಷ್ಟಿಯಲ್ಲಿ ದಂಡ.

ಎರ್ನಾಕುಲಂನಲ್ಲಿ ನಾನೇ ಆರಿಸಿದ ಶಾಖೆಯೊಂದಿದೆ. ಮೆಟ್ರೋ ಪಕ್ಕದಲ್ಲೇ, ಮೇಲಿಂದ ಕೆಳಗಿನವರೆಗೆ ಗಾಜು. ಮುಂದೆ 'ಸಮುದಾಯ ತಾಣ' ಎಂದು ಫಲಕ ಹಾಕಿಸಿ, ನುಣುಪು ಕಲ್ಲಿನ ಆಸನ ಮಾಡಿಸಿದೆ. ಯಾರೂ ಬಹಳ ಹೊತ್ತು ಕೂತುಬಿಡಬಾರದೆಂದು ತುಸು ಇಳಿಜಾರಾಗಿ. ಸಮುದಾಯ ಬಂತು, ಜಾರಿತು, ಹೋಯಿತು.

ಈಚೆಗೆ ನಾವಿರುವ ತಿರುವನಂತಪುರದ ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿನ ಹತ್ತಿರ, ಹಳೆಯ ಕಟ್ಟಡವೊಂದು ಸಿಕ್ಕಿತು. ಅದರ ಮುಂಭಾಗದ ಉದ್ದಕ್ಕೂ ಸಿಮೆಂಟಿನ ಕಟ್ಟೆ. ಇಲ್ಲಿಯವರ ಬಾಯಲ್ಲಿ ತಿಣ್ಣ. ಅದನ್ನು ಒಡೆದು ಎಟಿಎಂ ಕೂರಿಸಬಹುದೆಂದು ವರದಿ ಬರೆದೆ. ಮನುಷ್ಯರನ್ನು ಎಬ್ಬಿಸಿ ಯಂತ್ರವನ್ನು ಕೂರಿಸುವುದಕ್ಕೆ ನಮ್ಮ ಇಲಾಖೆಯಲ್ಲಿ ಅಭಿವೃದ್ಧಿ ಎಂದು ಹೆಸರು.

ವರದಿ ಕಳುಹಿಸುವ ಮೊದಲೇ ನನ್ನಾಕೆಗೆ ಎದೆನೋವು ಬಂತು. ಅವಳನ್ನು ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಒಳಗೆ ಕರೆದೊಯ್ದರು. ಔಷಧಿ ತರಲು ಹೊರಟ ನಾನು ದಾರಿಯಲ್ಲಿ ಅದೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಲ್ಲಿ ಆಗಲೇ ರೋಗಿಗಳ ಕಡೆಯವರು ಸಾಲಾಗಿ ಕೂತಿದ್ದರು. ಗಂಡನನ್ನು ವಾರ್ಡಿಗೆ ಸೇರಿಸಿ ಬಂದಿದ್ದ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು, "ಸಾರಿಂಡೆ ಸ್ಥಲಂ ಎವಿಡೆಯಾ?" ಎಂದಳು, ನಿಮ್ಮ ಸ್ಥಲಂ ಎಲ್ಲಿ ಎಂದು. ಮಲಯಾಳದಲ್ಲಿ ಸ್ಥಲಂ ಎಂದರೆ ಊರೂ ಹೌದು, ಸೈಟೂ ಹೌದು. ಗಾಬರಿಯಲ್ಲಿದ್ದ ನಾನು ಕಚೇರಿಯ ರೂಢಿಯಂತೆ, "ಉಳ್ಳೂರ್ ಜಂಕ್ಷನ್, ನೆಲಮಹಡಿ, ರಸ್ತೆಗೆ ಮುಖ" ಎಂದೆ. ಆಕೆ ನಕ್ಕಳು. ನಾನೂ ನಗಲು ಹೋಗಿ ಅತ್ತುಬಿಟ್ಟೆ. ಆಕೆ ಇನ್ನೇನೂ ಕೇಳದೆ ಫ್ಲಾಸ್ಕಿನ ಮುಚ್ಚಳಕ್ಕೆ ಹಾಲಿಲ್ಲದ ಕಟ್ಟನ್ ಚಾಯ ಬಗ್ಗಿಸಿ ಕೊಟ್ಟಳು. ಅಷ್ಟು ಭಯದಲ್ಲೂ ಒಬ್ಬಂಟಿ ಅನ್ನಿಸಲಿಲ್ಲ.

ನನ್ನಾಕೆ ಚೇತರಿಸಿಕೊಂಡು ಮನೆಗೆ ಬಂದಳು. ನಾನು ವರದಿ ತಿದ್ದಿ, ಕಟ್ಟೆಯನ್ನು ಉಳಿಸತಕ್ಕದ್ದು, ಅಲ್ಲಿ ಜನ ಕೂರುತ್ತಾರೆ ಎಂದು ಬರೆದು ಕಳಿಸಿದೆ. ಎರ್ನಾಕುಲಂನಲ್ಲಿರುವ ಮೇಲಧಿಕಾರಿ ಧಾರವಾಡದವರು, ಫೋನಿನಲ್ಲೇ ಗುಡುಗಿದರು: "ಏನ್ರೀ, ಎಟಿಎಂ ಬಿಟ್ಟು ಕಟ್ಟಿ ಉಳಸ್ರಿ ಅಂತ ಬರದೀರಲ್ಲ! ಅಲ್ಲಿ ಕುಂದರೋ ಮಂದಿ ನಮ್ಮ ಗಿರಾಕಿ ಏನ್ರೀ? ಯಾರ್ರೀ ಅವರು?"

ಸಮುದಾಯ, ಸಾರ್ವಜನಿಕ ಹಿತ, ಸೌಹಾರ್ದ ಎಂದು ದೊಡ್ಡ ದೊಡ್ಡ ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

"ನಾನೇ ಸಾರ್," ಎಂದೆ. "ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಅಲ್ಲೇ ಕೂತಿದ್ದೆ."

ಅವರು ದನಿ ತಗ್ಗಿಸಿ, "ಈಗ ಹೆಂಗದಾರ್ರೀ ಅವರು?" ಎಂದರು.

"ಪರವಾಗಿಲ್ಲ ಸಾರ್, ಓಡಾಡ್ತಿದ್ದಾಳೆ."

"ಎಟಿಎಂ ಒಳಗ ಇಡ್ರಿ," ಎಂದು ಫೋನ್ ಇಟ್ಟರು.