ಹಂಬ್ಲಿ ಇಲ್ಲದ ಅರ್ಜಿ

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಟೆಂಪರರಿ ಟೈಪಿಸ್ಟ್ ಆಗಿದ್ದೆ. ಪರ್ಮನೆಂಟ್ ಆಗಬೇಕಾದರೆ ಮ್ಯಾನೇಜರಿಗೆ ಅರ್ಜಿ ಕೊಡಬೇಕು. ಅದಕ್ಕೊಂದು ಸಂಪ್ರದಾಯ: ಹಿಂದಿನವರ ಅರ್ಜಿಯ ಕಾರ್ಬನ್ ಕಾಪಿ ಮುಂದಿಟ್ಟುಕೊಂಡು, ಹೆಸರು ಮಾತ್ರ ಬದಲಾಯಿಸಿ, ಉಳಿದದ್ದನ್ನು ಹಾಗೇ ಇಳಿಸುವುದು. ಎಲ್ಲರದೂ 'ಐ ಹಂಬ್ಲಿ ಬೆಗ್' ಎಂದೇ ಶುರು. ಅಪ್ಪ ಮಿಲ್ಲಿನ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದರು. ನನ್ನದು ಖಾಯಂ ಆಗದಿದ್ದರೆ ಬಾಪೂಜಿ ನಗರದ ನಮ್ಮ ಮನೆಯ ಒಲೆ ಉರಿಯುವುದೇ ಕಷ್ಟವಿತ್ತು.

ಆದರೂ ಆ ಹಂಬ್ಲಿ ನನಗೆ ಸಹಿಸಲಾಗಲಿಲ್ಲ. ವಿನಯದಿಂದ ಅಂತ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಲೈಬ್ರರಿಯ ದಪ್ಪ ಡಿಕ್ಷನರಿ ತೆಗೆದು ನೋಡಿದೆ. ಲ್ಯಾಟಿನ್ನಿನಲ್ಲಿ ಅದರ ಬೇರು 'ಮಣ್ಣು' ಎಂಬ ಪದವಂತೆ. ಅಲ್ಲಿಂದ ತಗ್ಗು, ಕೀಳು ಅಂತೆಲ್ಲ ಬೆಳೆದು ಬಂದಿದೆ. ವಿನಯವಾದರೆ ಸರಿ, ಎದುರು ಸಿಕ್ಕವರಿಗೆಲ್ಲ ನಾನೇ ಮೊದಲು ನಮಸ್ಕಾರ ಹೇಳುವವಳು. ದುಡಿದವಳು ಕೆಲಸ ಕೇಳುವುದಕ್ಕೆ ನೆಲ ಮುಟ್ಟಬೇಕೆ? ಮೈಯೆಲ್ಲ ಉರಿದುಹೋಯಿತು. ಹಂಬ್ಲಿಯನ್ನೂ ಬೆಗ್ಗನ್ನೂ ಬಿಟ್ಟು 'ಐ ರಿಕ್ವೆಸ್ಟ್' ಎಂದು ಟೈಪ್ ಮಾಡಿ ಕೊಟ್ಟೆ.

ಮ್ಯಾನೇಜರು ಕರೆಸಿದರು.

"ಒಂದು ಪದ ಬಿಟ್ಟುಹೋಗಿದೆಯಲ್ಲಮ್ಮ."

"ಬಿಟ್ಟುಹೋಗಿಲ್ಲ ಸಾರ್, ನಾನೇ ಬಿಟ್ಟಿದೀನಿ."

"ಹಾಕಿದ್ರೆ ನಿನ್ ಗಂಟೇನು ಹೋಗುತ್ತೆ?"

"ಹಾಕ್ದೆ ಇದ್ರೆ ನಿಮ್ದೇನು ಹೋಗುತ್ತೆ ಸಾರ್? ಟೈಪಿಂಗ್ ಕ್ಲಾಸಲ್ಲಿ ಬೆನ್ನು ಬಗ್ಗಿದ್ರೆ ಮೇಷ್ಟ್ರು ಸ್ಕೇಲಲ್ಲಿ ತಟ್ತಾ ಇದ್ರು. ನೆಟ್ಟಗೆ ಕೂತೇ ಕಲ್ತಿದೀನಿ ಈ ಕೆಲ್ಸಾನ."

"ಹಾಗಾದ್ರೆ ಮನೇಲಿ ನೆಟ್ಟಗೆ ಕೂತ್ಕೋ. ತಿಂಗಳ ಕೊನೇವರೆಗೆ ಬಾ, ಸಾಕು."

"ಕೊಬ್ಬು ಕಣೇ ನಿಂಗೆ" ಅಂತ ಅಮ್ಮ ಬೈದಳು. ಬೈಯಲಿ. ಅವಳಿಗಿದ್ದ ಭಯವೇ ನನಗೂ ಇತ್ತು. ಅರ್ಜಿ ಮಾತ್ರ ತಿದ್ದಲಿಲ್ಲ.

ಕೊನೆಯ ವಾರ ಮ್ಯಾನೇಜರು ನನ್ನನ್ನು ಕೂರಿಸಿಕೊಂಡು ಒಂದು ಪತ್ರ ಹೇಳಿ ಬರೆಸಿದರು. ಮಗಳ ಮದುವೆಗೆ ರಜೆ ಬೇಕೆಂದು ಮಾಲೀಕರಿಗೆ ಅವರದೇ ಅರ್ಜಿ. 'ಐ' ಎಂದವರು ನಿಲ್ಲಿಸಿದರು. ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿ, 'ಹಂಬ್ಲಿ ಬೆಗ್' ಎಂದರು. ಒಂದಕ್ಷರ ತಪ್ಪದಂತೆ ಟೈಪ್ ಮಾಡಿಕೊಟ್ಟೆ. ಸಹಿ ಹಾಕುವಾಗ ಅವರು ನನ್ನ ಮುಖ ನೋಡಲಿಲ್ಲ.

ನನ್ನ ಕೆಲಸ ಹೋಯಿತು. ಮುಂದೆ ತಿಂಗಳುಗಟ್ಟಲೆ ಕೆಲಸಕ್ಕೆ ಅಲೆದೆ. ಅಷ್ಟರಲ್ಲಿ ಮ್ಯಾನೇಜರ ಮಗಳ ಮದುವೆಯ ಸುದ್ದಿ ಬಂತು. ಧಾರೆ ಮುಗಿದ ಮಧ್ಯಾಹ್ನವೇ ಮಾಲೀಕರು ಅವರನ್ನು ಕಾರ್ಖಾನೆಗೆ ಕರೆಸಿಕೊಂಡರಂತೆ. ಮಗಳು ಗಂಡನ ಮನೆಗೆ ಹೊರಟಾಗ ಅಪ್ಪ ಅಲ್ಲಿರಲಿಲ್ಲವಂತೆ.