ಮೆದೆಯೊಳಗಿನ ಮಾತು

ನಮ್ಮ ಗಂಗಣ್ಣನನ್ನು ಸಿನಿಮಾ ನಟನನ್ನಾಗಿ ಮಾಡಿದವನು ನಾನೇ. ಹೋಗಲಿ, ಅದು ಸುಳ್ಳು. ಮಾಡಿದ್ದು ಒಂದು ಹಸು.

ಗಂಗಣ್ಣ ನಮ್ಮ ನಾಟಕ ಕಂಪನಿಯ ಹೀರೋ. ಪರದೆ ಮರೆಯಲ್ಲಿ ನಿಂತು ಅವನಿಗೆ ಮಾತು ಹೇಳಿಕೊಡುವ ಪ್ರಾಂಪ್ಟರ್ ನಾನು. ಅವನು ಜನ್ಮದಲ್ಲಿ ಒಂದು ಸಾಲನ್ನೂ ಬಾಯಿಪಾಠ ಮಾಡಿದವನಲ್ಲ. ನಾನು ಅಂದದ್ದನ್ನು ಅಳುತ್ತಲೋ ನಗುತ್ತಲೋ ಅಂದುಬಿಡುತ್ತಿದ್ದ, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಎಪ್ಪತ್ತನೇ ಇಸವಿ ಸುಮಾರಿಗೆ ಅವನಿಗೆ ದೊಡ್ಡಬಳ್ಳಾಪುರದ ಹತ್ತಿರ ಶೂಟಿಂಗಿಗೆ ಕರೆ ಬಂತು. ಒಂದು ಸೀನು ನೋಡ್ತೀವಿ, ಸರಿಹೋಗದಿದ್ರೆ ವಾಪಸ್ ನಾಟಕಕ್ಕೇ ಹೋಗಪ್ಪಾ ಅಂದಿದ್ದರು ಡೈರೆಕ್ಟರು.

"ನೀನಿಲ್ದೆ ನನಗೆ ಮಾತೇ ಹೊರಡಲ್ಲ ಕಣೋ," ಅಂತ ಗಂಗಣ್ಣ ನನ್ನನ್ನು ಅಲ್ಲೇ ಇದ್ದ ಹುಲ್ಲಿನ ಮೆದೆಯೊಳಗೆ ತೂರಿಸಿದ.

ಹೆಂಡತಿಯನ್ನು ತವರಿಗೆ ಕಳಿಸುವ ಸೀನು. ಎರಡು ಸಾಲು ಪಿಸುಗುಟ್ಟಿದೆ, ಸರಿಯಾಗಿಯೇ ಅಂದ. ಅಷ್ಟರಲ್ಲಿ ಹಸುವೊಂದು ಬಂದು ನನ್ನ ತಲೆಯ ಮೇಲಿನ ಹುಲ್ಲನ್ನೇ ಎಳೆಯತೊಡಗಿತು.

"ಹೋಗೇ ಅತ್ಲಾಗೆ, ತಿಂದಿದ್ದು ಸಾಲ್ದಾ ನಿಂಗೆ?" ಅಂದೆ.

ಗಂಗಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೇ ಹೀರೋಯಿನ್ನಿಗೆ ಅಂದ. ಆಯಮ್ಮ ನಿಜವಾಗಿಯೇ ಅತ್ತುಬಿಟ್ಟಳು.

"ಕಟ್. ಏನ್ ನ್ಯಾಚುರಲ್ ರೀ," ಅಂದರು ಡೈರೆಕ್ಟರು. "ಆ ಮಾತು ನಾವು ಬರೆದೇ ಇರ್ಲಿಲ್ವಲ್ಲ?"

"ಒಳಗಿಂದ ಬಂತು ಸಾರ್," ಅಂದ ಗಂಗಣ್ಣ, ಮೆದೆಯ ಕಡೆ ನೋಡದೆ.

ಆಮೇಲೆ ಅವನು ಹತ್ತಾರು ಸಿನಿಮಾ ಮಾಡಿದ. ತೆರೆಯ ಮೇಲೆ ಹಸುವಿನ ಹೆಸರೂ ಬರಲಿಲ್ಲ, ನನ್ನದೂ ಬರಲಿಲ್ಲ. ಹಸುವಾದರೂ ಆವತ್ತೇ ಹೊಟ್ಟೆ ತುಂಬಾ ತಿಂದುಕೊಂಡು ಹೋಯಿತು. ನನ್ನ ಹೊಟ್ಟೆಗೆ ಬಿದ್ದದ್ದು ಇನ್ನೂ ಈ ಒಂದು ಟೀ ಅಷ್ಟೇ, ಗುರುವೇ. ಅದರ ದುಡ್ಡು ನೀವೇ ಕೊಟ್ಬಿಡಿ.