ಮೂರು ಸಲ ಕೇಳಿದ ಪದಗಳು

ಮುಚ್ಚಳ ತೆಗೆದ ಕೂಡಲೇ ಬಜೆಯ ವಾಸನೆ ಬಂತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ. ಒಳಗೆ ಸಾಲಾಗಿ ನಿಲ್ಲಿಸಿದ ರಟ್ಟಿನ ಚೀಟಿಗಳು, ನಡುನಡುವೆ ಬಜೆಬೇರಿನ ತುಂಡುಗಳು. ಆರ್.ಟಿ. ನಗರದ ಮನೆ ಖಾಲಿ ಮಾಡುತ್ತಿದ್ದ ಮೇಷ್ಟ್ರ ಮಗಳು ಯಲಹಂಕದ ನನ್ನ ಮನೆಯವರೆಗೆ ಬಂದು ಕೊಟ್ಟು ಹೋದರು. "ಮೇಲೆ ನಿಮ್ಮ ಹೆಸರಿತ್ತು, ಎಸೆಯೋಕೆ ಮನಸ್ಸು ಬರ್ಲಿಲ್ಲ" ಎಂದರು. ಕಾಫಿಯನ್ನೂ ಕುಡಿಯದೆ ಹೊರಟರು.

ಆ ಬಜೆ ಕೊಟ್ಟದ್ದು ಜಾಲಹಳ್ಳಿ ಪಕ್ಕದ ಸಿಂಗಾಪುರವೆಂಬ ಹಳ್ಳಿಯ ಅಜ್ಜಿ. "ಪುಸ್ತಕದಾಗೆ ಮಡಗು, ಉಳ ಬರಾಕಿಲ್ಲ" ಎಂದು ಸೆರಗಿನ ಗಂಟು ಬಿಚ್ಚಿ ಕೊಟ್ಟಿದ್ದಳು. ಅಥವಾ ಯಶವಂತಪುರದ ಮಾರ್ಕೆಟ್ಟಿನಲ್ಲಿ ನಾನೇ ಕೊಂಡಿದ್ದೆನೋ... ಈಗ ಯಾವುದನ್ನೂ ಆಣೆ ಮಾಡಿ ಹೇಳಲಾರೆ. ಹೇಳಲಾರೆನೆಂಬುದೇ ಈ ಲೇಖನದ ಸಂಕಟ.

ಮೇಷ್ಟ್ರು ನಮಗೆ ಎಂ.ಎ.ಯಲ್ಲಿ ಚಾರಿತ್ರಿಕ ಭಾಷಾವಿಜ್ಞಾನ ಕಲಿಸುತ್ತಿದ್ದರು. ಎಡಗಿವಿ ಆಗಲೇ ಮಂದವಾಗಿತ್ತು, ಯಾರು ಮಾತಾಡಿದರೂ ಬಲಗಿವಿ ಮುಂದೆ ಮಾಡಿ ಬಾಗುತ್ತಿದ್ದರು. ಶಬ್ದವನ್ನೇ ನಂಬಿ ಬದುಕಿದ ಮನುಷ್ಯನಿಗೆ ಅಂಥ ಕಿವಿ. ಪಂಡಿತರು ಪದಗಳ ಹುಟ್ಟನ್ನು ಮನಸ್ಸಿಗೆ ಬಂದಂತೆ ಊಹಿಸುತ್ತಿದ್ದ ಕಾಲದಿಂದ ಪಾಠ ಶುರು ಮಾಡುತ್ತಿದ್ದರು. ಆಮೇಲೆ ಜರ್ಮನಿಯ ಕೆಲವು ಯುವಕರು ಎದ್ದು ನಿಂತು, ಧ್ವನಿ ಬದಲಾಗುವುದು ನಿಯಮದಂತೆ, ಆ ನಿಯಮಕ್ಕೆ ಅಪವಾದವೇ ಇಲ್ಲ ಎಂದರು. ಆಮೇಲೆ ಬಂದವರು ನಕ್ಷೆ ಹಿಡಿದು ಹಳ್ಳಿಹಳ್ಳಿ ತಿರುಗಿ, ಹಾಗಲ್ಲ, ಒಂದೊಂದು ಪದಕ್ಕೂ ಅದರದೇ ಚರಿತ್ರೆಯಿದೆ ಎಂದರು. ಈ ಜಗಳದಲ್ಲಿ ಮೇಷ್ಟ್ರು ನಕ್ಷೆ ಹಿಡಿದವರ ಕಡೆ. ಹನ್ನೆರಡು ವರ್ಷದಿಂದ ಅದರ ಮೇಲೆಯೇ ಒಂದು ಪುಸ್ತಕ ಬರೆಯುತ್ತಿದ್ದರು.

"ಪಾಲು ಅಂತಿದ್ರು, ತುಟೀಲಿತ್ತು. ಹಾಲು ಆಯ್ತು, ಗಂಟಲಿಗಿಳೀತು. ಸಿಂಗಾಪುರದಲ್ಲಿ ಈಗ ಆಲು. ತುಟಿಯೂ ಇಲ್ಲ, ಗಂಟಲೂ ಇಲ್ಲ. ಆದ್ರೆ ಎಲ್ಲಾ ಪದಾನೂ ಒಟ್ಟಿಗೆ ಹೋಗುತ್ತಾ, ಇಲ್ಲಾ ಕೆಲವು ಹಟ ಹಿಡಿದು ಉಳಿಯುತ್ತಾ? ಅದನ್ನ ನೋಡ್ಬೇಕು ಕಣಯ್ಯಾ. ಒಂದೇ ಬಾಯಲ್ಲಿ, ಪೂರ್ತಿ."

ಆ ಬಾಯಿ ಅಜ್ಜಿಯದು. ಹೋಗಿ ಬರೆದುಕೊಂಡು ಬರುವ ಕೆಲಸ ನನ್ನದು. ಹಕಾರದಿಂದ ಶುರುವಾಗುವ ಇನ್ನೂರು ಪದಗಳ ಪಟ್ಟಿ ಕೊಟ್ಟರು. ಟೇಪ್‌ರೆಕಾರ್ಡರ್ ಕಂಡರೆ ಅಜ್ಜಿ ರೇಡಿಯೋದವರಂತೆ ಮಾತಾಡುತ್ತಿದ್ದಳು, ಆದ್ದರಿಂದ ಅದು ಬೇಡ. ಪದವನ್ನು ಕೇಳಲೂ ಕೂಡದು. ಅದು ಅವಳ ಮಾತಿನಲ್ಲಿ ತಾನಾಗಿ ಬರಬೇಕು, ಬೇರೆಬೇರೆ ದಿನ ಮೂರು ಸಲ ಬರಬೇಕು. ಬಂದ ಮೇಲೆ ಚೀಟಿಯ ಮುಂದೆ ಪದ, ಹಿಂದೆ ಸಂದರ್ಭ.

"ಕೇಳಿದ್ರೆ ನಿನಗೋಸ್ಕರ ಹೇಳ್ತಾರೆ. ಸುಮ್ನೆ ಕಾದಿದ್ರೆ ತಮಗೋಸ್ಕರ ಹೇಳ್ತಾರೆ" ಎನ್ನುತ್ತಿದ್ದರು ಮೇಷ್ಟ್ರು.

ಹಾವು ಎಂಬ ಪದಕ್ಕೆ ಹಾವು ಬರುವವರೆಗೆ ಕಾಯಬೇಕು! ನಾನು ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಕಾಯುತ್ತಿದ್ದೆ. ಅಜ್ಜಿ ಹಸುವಿನ ಮೈ ತಿಕ್ಕುತ್ತಾ ನನ್ನನ್ನು ನೋಡಿ ನಗುತ್ತಿದ್ದಳು. "ಇವತ್ತೂ ಬಂದ್ಯಾ? ನಿಮ್ ಮೇಷ್ಟ್ರಿಗೆ ಬ್ಯಾರೆ ಕ್ಯಾಮೆ ಇಲ್ವಾ? ನಾನ್ ಮಾತಾಡಿದ್ರೆ ನೀನ್ ಪಾಸಾಯ್ತೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಆಲು ಕುಡ್ಕೊಂಡ್ ಓಗು, ಒಣಗೋಗಿದ್ದೀಯಾ" ಎಂದು ಲೋಟ ಕೊಡುತ್ತಿದ್ದಳು.

ಏಳು ತಿಂಗಳು ಹೋದೆ. ನೂರಮೂವತ್ತೋ ನಲವತ್ತೋ ಪದಗಳು ಬಂದವು. ಎಲ್ಲದರಲ್ಲೂ ಹಕಾರ ಬಿದ್ದಿತ್ತು, ಒಂದೂ ಉಳಿದಿರಲಿಲ್ಲ. ಮಿಕ್ಕ ಪದಗಳು ಅವಳ ಬದುಕಿನಲ್ಲೇ ಅಪರೂಪ. ನನ್ನ ಎಂ.ಎ. ಪ್ರಬಂಧ ಕೊಡುವ ದಿನ ಹತ್ತಿರ ಬಂತು, ಬಿಸಿಲು ಜೋರಾಗಿತ್ತು. ಒಂದು ಮಧ್ಯಾಹ್ನ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದವನು ಸಿಂಗಾಪುರಕ್ಕೆ ಹೋಗಲಿಲ್ಲ. ಚಹಾದ ಅಂಗಡಿಯಲ್ಲಿ ಕೂತು ಖಾಲಿ ಚೀಟಿ ತೆಗೆದೆ. ನಿಯಮ ಗೊತ್ತಿದ್ದವನಿಗೆ ಎಷ್ಟು ಸುಲಭ! ಹಕಾರ ಬಿಟ್ಟು ಬರೆದರಾಯಿತು. ಮೊದಲ ಚೀಟಿ 'ಹರಕೆ'. 'ಅರಕೆ' ಎಂದು ಬರೆದೆ. ಹಿಂದೆ ಮೂರು ದಿನ, ಮೂರು ಸಂದರ್ಭ. ಮೂರನೆಯ ಚಹಾ ಮುಗಿಯುವ ಹೊತ್ತಿಗೆ ಅಜ್ಜಿ ಎಂದೂ ಆಡದ ಮಾತುಗಳಿಂದ ಪಟ್ಟಿ ತುಂಬಿತ್ತು. ನನಗಾಗ ಅದು ಸುಳ್ಳು ಅನ್ನಿಸಲಿಲ್ಲ. ಹೋಗಿ ಕಾದಿದ್ದರೂ ಇದೇ ತಾನೇ ಸಿಗುತ್ತಿತ್ತು ಅನ್ನಿಸಿತು.

ಚೀಟಿಗಳನ್ನು ಒಪ್ಪಿಸಿ ಒಂದು ವಾರಕ್ಕೆ ಮೇಷ್ಟ್ರು ಮನೆಗೆ ಕರೆದರು. ಡಬ್ಬ ತೊಡೆಯ ಮೇಲಿತ್ತು.

"ಹಕಾರ ಉಳಿದದ್ದು ಒಂದೂ ಇಲ್ವೇನಯ್ಯಾ?"

"ಇಲ್ಲ ಸಾರ್."

"ಪ್ರತಿಯೊಂದೂ ಮೂರು ಸಲ ಕೇಳಿದ್ದೀಯಲ್ಲ? ಸರಿಯಾಗಿ ಯೋಚನೆ ಮಾಡಿ ಹೇಳು."

"ಕೇಳಿದ್ದೀನಿ ಸಾರ್."

ಅವರು ಬಲಗಿವಿ ಮುಂದೆ ಮಾಡಿಯೇ ಸ್ವಲ್ಪ ಹೊತ್ತು ಕೂತಿದ್ದರು, ನಾನು ಇನ್ನೇನೋ ಹೇಳುತ್ತೇನೆ ಅನ್ನುವ ಹಾಗೆ. ಆಮೇಲೆ ಎದ್ದು ಮೇಜಿನ ಮೇಲಿದ್ದ ಹಸ್ತಪ್ರತಿಗೆ ಅಡ್ಡಡ್ಡ, ಉದ್ದುದ್ದ ದಾರ ಕಟ್ಟಿದರು. "ಹಾಗಾದ್ರೆ ಆ ಜರ್ಮನಿಯವ್ರೇ ಸರಿ. ನಾನು ತಪ್ಪು ದಾರೀಲಿ ನಡೆದೆ, ಅಷ್ಟೆ" ಎಂದು ಅದನ್ನು ಅಟ್ಟದ ಮೇಲೆ ಹಾಕಿದರು. ಕುರ್ಚಿ ಹಿಡಿದುಕೊಂಡದ್ದು ನಾನು. ಅವರು ಮತ್ತೆ ಏನನ್ನೂ ಬರೆಯಲಿಲ್ಲ. ಮರುವರ್ಷ ಅಜ್ಜಿ ಸತ್ತಳು. ನಾನು ಪದವಿ ಪಡೆದು, ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಮೇಷ್ಟ್ರಾದೆ. ನಿಜ ಹೇಳಬೇಕೆಂದು ಎರಡು ಸಲ ಆರ್.ಟಿ. ನಗರದವರೆಗೆ ಹೋಗಿ, ಹೇಳದೆ ಬಂದೆ. ಆಮೇಲೆ ಅವರೂ ಹೋದರು...

ಈಗ ಡಬ್ಬ ನನ್ನ ಮುಂದಿದೆ. ನಿಜದ ಚೀಟಿಗಳನ್ನೂ ಸುಳ್ಳಿನ ಚೀಟಿಗಳನ್ನೂ ಬೇರೆ ಮಾಡಲು ಕೂತೆ, ಆಗಲಿಲ್ಲ. ಕೈ ಒಂದೇ, ಶಾಯಿ ಒಂದೇ. 'ಹಾವು' ಚೀಟಿಯ ಹಿಂದೆ, ಕೊಟ್ಟಿಗೆಯಲ್ಲಿ ಕೇರೆಹಾವು ಹೊಕ್ಕ ದಿನ ಎಂದಿದೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಪೊರಕೆ ಹಿಡಿದು ಹಾವಿಗೇ ಬೈಯುತ್ತಿದ್ದಳು, ಕರು ಹಗ್ಗ ಜಗ್ಗುತ್ತಿತ್ತು, ನಾನು ಕಲ್ಲುಚಪ್ಪಡಿಯ ಮೇಲೆ ಹತ್ತಿ ನಿಂತಿದ್ದೆ. ಇಷ್ಟು ವರ್ಷ ಅಜ್ಜಿ ಎಂದರೆ ನನಗೆ ಕಾಣುತ್ತಿದ್ದದ್ದು ಆ ಪೊರಕೆ ಹಿಡಿದ ಅಜ್ಜಿಯೇ. ಅದು ನಡೆದಿತ್ತೋ, ಚಹಾದ ಅಂಗಡಿಯಲ್ಲಿ ಕೂತು ನಾನು ಕಟ್ಟಿದ್ದೋ?

ತಡೆಯಲಾಗದೆ ಸಿಂಗಾಪುರಕ್ಕೆ ಹೋದೆ. ಚಪ್ಪರವಿದ್ದ ಕಡೆ ಐದು ಅಂತಸ್ತಿನ ಕಟ್ಟಡವಿದೆ. ಕಟ್ಟಿಸಿದವನು ಅಜ್ಜಿಯ ಮೊಮ್ಮಗ, ನನ್ನಷ್ಟೇ ವಯಸ್ಸಾಗಿದೆ. ಕೊಟ್ಟಿಗೆಗೆ ಹಾವು ಬಂದಿತ್ತಾ ಎಂದು ಕೇಳಿದೆ. ಅವನು ಫೋನಿನಿಂದ ತಲೆಯೆತ್ತಿ ನಕ್ಕ.

"ಏನ್ ಸಾರ್, ಹಳೇ ಜಾಗ, ಹಾವು ಬರ್ದೇ ಇರ್ತಾವಾ? ಯಾವತ್ತು ಅಂತ ಹೆಂಗ್ ಹೇಳ್ಲಿ?"

ಅವನ ಬಾಯಲ್ಲಿ ಹಕಾರಗಳೆಲ್ಲ ವಾಪಸು ಬಂದಿದ್ದವು. "ಅಜ್ಜಿ ಹೇಗೆ ಮಾತಾಡ್ತಿದ್ರು, ಒಂದೆರಡು ಮಾತಾದರೂ ನೆನಪಿದೆಯಾ?" ಎಂದೆ.

"ಒಳ್ಳೇ ಕತೆ ಆಯ್ತಲ್ಲ ಸಾರ್! ತಿಂಗಳುಗಟ್ಲೆ ಕೂತ್ಕೊಂಡ್ ಬರ್ಕೊಂಡೋರು ನೀವು. ನಾವೇ ನಿಮ್ಮನ್ನ ಕೇಳ್ಬೇಕು."

ಮನೆಗೆ ಬಂದು ಚೀಟಿಗಳನ್ನೆಲ್ಲ ಹೊರಗೆ ಸುರಿದೆ. ತಳದಲ್ಲಿ ಅಂಟಿಕೊಂಡಿದ್ದ ಒಂದು ಚೀಟಿ ನನ್ನದಲ್ಲ, ಮೇಷ್ಟ್ರ ಅಕ್ಷರ. ತಾರೀಕು ನೋಡಿದರೆ, ನಾನು ಡಬ್ಬ ಒಪ್ಪಿಸಿದ ಮೂರನೆಯ ದಿನ. ಅವರೊಬ್ಬರೇ ಸಿಂಗಾಪುರಕ್ಕೆ ಹೋಗಿದ್ದರು. ಚೀಟಿಯ ಮುಂದೆ, 'ಹರಕೆ'. ಹಕಾರದ ಕೆಳಗೆ ಎರಡು ಗೆರೆ. ಹಿಂದೆ ಸಂದರ್ಭ: "ಹಸುವಿಗೆ ಜ್ವರ. ದೇವರಿಗೆ ಹರಕೆ ಹೊತ್ತಿದ್ದಾಗಿ ಅಜ್ಜಿ ಹೇಳಿದರು. ಹಕಾರ ಉಳಿದಂತೆ ಕೇಳಿಸಿತು."

ಅದರ ಕೆಳಗೆ, ನನ್ನನ್ನು ಕರೆಸಿ ಕೇಳಿದ ದಿನದ ತಾರೀಕು ಹಾಕಿ, ಬೇರೆ ಶಾಯಿಯಲ್ಲಿ ಬರೆದಿದ್ದರು: "ನನ್ನ ಕಿವಿಯ ದೋಷವಿರಬೇಕು. ಶಿಷ್ಯ ಮೂರು ಸಲ ಕೇಳಿದ್ದಾನೆ."

ಚೀಟಿಗಳನ್ನು ಮತ್ತೆ ಡಬ್ಬದೊಳಗೆ ನಿಲ್ಲಿಸಿ ಮುಚ್ಚಳ ಹಾಕಿದ್ದೇನೆ. ಬೆರಳಿಗೆ ಹತ್ತಿದ ಬಜೆಯ ವಾಸನೆ ಹೋಗಿಲ್ಲ. ಹಾವು ಬಂದಿತ್ತೋ ಇಲ್ಲವೋ, ಬಜೆ ಕೊಟ್ಟವರು ಯಾರೋ, ನನಗೆ ತಿಳಿಯದು. 'ಹರಕೆ' ಎಂಬ ಆ ಪದವನ್ನು ಮಾತ್ರ ಅಜ್ಜಿಯ ಬಾಯಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಅದೊಂದು ನನಗೆ ಅನುಮಾನವಿಲ್ಲದೆ ನೆನಪಿದೆ.